ಮೇಳಕ್ಕೆ ಬಂದ ಅತಿಥಿ



ಸಂಗೀತವನ್ನು ಕುರಿತು ಮಾತನಾಡುವವನಿಗೆ ಹಾಡಲು ಬರಬೇಕೆಂಬ ನಿಯಮವಿದ್ದಿದ್ದರೆ ನಾನು ಈ ಸಂಜೆ ತಮ್ಮ ಮುಂದೆ ಬರುವಂತಿರಲಿಲ್ಲ. ನಾನು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳತಕ್ಕವನು. ಸಂಗೀತದಲ್ಲಿ ನನಗಿರುವ ಅಧಿಕಾರ ಕಿವಿಯದು ಮಾತ್ರ. ಆದರೆ ನನ್ನ ಊರು ಗದಗು. ಅಲ್ಲಿ ಕಿವಿ ತೆರೆದಿದ್ದರೆ ಸಾಕು, ಸಂಗೀತ ತಾನಾಗಿ ಬಂದು ಬೀಳುತ್ತದೆ. 1922ರಲ್ಲಿ ಹುಟ್ಟಿ ಗದುಗಿನಲ್ಲಿ ಬೆಳೆದ ಭೀಮಸೇನ ಜೋಶಿಯವರು ಬಾಲ್ಯದಲ್ಲಿ ಬೀದಿಯ ಮೇಳಗಳ ಬೆನ್ನು ಹತ್ತಿ ಹೋಗಿ, ದಣಿದು ಎಲ್ಲಿಯೋ ಮಲಗಿಬಿಡುತ್ತಿದ್ದರೆಂದೂ, ಅವರ ತಂದೆ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆದಿದ್ದರೆಂದೂ ಒಂದು ಕಥೆಯುಂಟು. ಅಂಥ ಊರಿನಲ್ಲಿದ್ದೂ ನಾನು ಒಂದು ಪಾಠವನ್ನು ದೂರದ ಅಮೆರಿಕದಿಂದ ಕಲಿತು ಬರಬೇಕಾಯಿತು. ಅದನ್ನೇ ಈ ಹೊತ್ತು ತಮಗೆ ಅರಿಕೆ ಮಾಡಬೇಕೆಂದಿದ್ದೇನೆ.

ಜಾಝ್ ಎಂಬ ಸಂಗೀತದ ಹೆಸರನ್ನು ತಾವು ಕೇಳಿರಬಹುದು. ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ, ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ, ಮುಖ್ಯವಾಗಿ ನೀಗ್ರೋ ಎಂದು ಆಗ ಕರೆಯಲ್ಪಡುತ್ತಿದ್ದ ಕಪ್ಪು ಜನರ ನಡುವೆ ಇದು ರೂಪುಗೊಂಡಿತು. ಇದರ ಸಣ್ಣ ಮೇಳದಲ್ಲಿ ನಾಲ್ಕೈದು ಮಂದಿ ಇರುತ್ತಾರೆ. ಮೊದಲು ಎಲ್ಲರೂ ಕೂಡಿ ಒಂದು ರಾಗಬಂಧವನ್ನು ನುಡಿಸುತ್ತಾರೆ. ಬಳಿಕ ಒಬ್ಬೊಬ್ಬರಾಗಿ ಅದನ್ನು ತಮ್ಮ ಮನೋಧರ್ಮದಂತೆ ಬೆಳೆಸುತ್ತಾರೆ. ಉಳಿದವರು ಆಗ ಹಿಂದೆ ಸರಿದು ಆಧಾರ ಕೊಡುತ್ತಾರೆ. ಹೊರಗಿನಿಂದ ಅತಿಥಿಯೊಬ್ಬ ಬಂದರೆ ಅಭ್ಯಾಸವಿಲ್ಲದೆಯೇ ಅವನನ್ನು ನಡುವೆ ನಿಲ್ಲಿಸಿಕೊಳ್ಳುತ್ತಾರೆ. ಮೇಳದ ಯೋಗ್ಯತೆ ತಿಳಿಯುವುದು ಆಗಲೇ. ತಾನು ನುಡಿಸಬಲ್ಲೆನೆಂಬುದು ಅಲ್ಲಿ ದೊಡ್ಡದಲ್ಲ, ಇನ್ನೊಬ್ಬನನ್ನು ಕೇಳಬಲ್ಲೆನೆ ಎಂಬುದೇ ಪರೀಕ್ಷೆ.

ಇದು ನಮಗೆ ತೀರ ಅಪರಿಚಿತವಾದುದೆಂದು ಭಾವಿಸಬಾರದು. ಜಾಝಿನ ಮುಖ್ಯ ವಾದ್ಯಗಳಲ್ಲೊಂದಾದ ಸಾಕ್ಸೊಫೋನು ಮೈಸೂರಿನ ಅರಮನೆಯ ಬ್ಯಾಂಡಿನಲ್ಲಿ ಇದ್ದಿತು. ಅಲ್ಲಿ ಅದನ್ನು ಕೇಳಿ ಮಾರುಹೋದ ದಕ್ಷಿಣ ಕನ್ನಡದ ತರುಣರೊಬ್ಬರು, ಅದನ್ನು ನಮ್ಮ ಗಮಕಗಳಿಗೆ ಒಗ್ಗಿಸಿ, ಕದ್ರಿ ಗೋಪಾಲನಾಥರೆಂದು ಲೋಕಪ್ರಸಿದ್ಧರಾದರು. 1980ರ ಮುಂಬಯಿಯ ಜಾಝ್ ಉತ್ಸವದಲ್ಲಿ ಅವರನ್ನು ಕೇಳಿದ ಅಮೆರಿಕದ ಜಾನ್ ಹ್ಯಾಂಡಿ ಎಂಬ ವಾದಕರು, ತಾವೂ ಅವರೊಡನೆ ವೇದಿಕೆಯೇರಿ ನುಡಿಸಬಹುದೆ ಎಂದು ಕೇಳಿಕೊಂಡರು. ಇಬ್ಬರೂ ಕೂಡಿ ನುಡಿಸಿದರು. ಚಾರ್ಲಿ ಮಾರಿಯಾನೊ ಎಂಬ ಇನ್ನೊಬ್ಬ ಅಮೆರಿಕದ ಸಾಕ್ಸೊಫೋನ್ ವಾದಕರು ಬೆಂಗಳೂರಿನ ಟಿ. ಎ. ಎಸ್. ಮಣಿ ಮತ್ತು ಆರ್. ಎ. ರಮಾಮಣಿಯವರ ತಾಳವಾದ್ಯ ಮೇಳದೊಡನೆ ನುಡಿಸಿದ ಸಂಗೀತ 1983ರಲ್ಲಿ ಧ್ವನಿಮುದ್ರಿತವಾಯಿತು.

ಇವುಗಳನ್ನೆಲ್ಲ ಓದಿ, ಕೇಳಿ, ‘ಆಹಾ, ಎಂಥ ಸೌಹಾರ್ದ!’ ಎಂದು ತರಗತಿಯಲ್ಲಿ ಹೇಳುತ್ತಿದ್ದ ನಾನು, ನನ್ನ ಊರಿನ ಮೇಳವನ್ನು ಹೇಗೆ ಕಾಣುತ್ತಿದ್ದೆನೆಂಬುದನ್ನು ಇನ್ನು ಹೇಳಬೇಕು.

ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಿದೆ. ಹಾನಗಲ್ಲಿನ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದ, ಹುಟ್ಟುಕುರುಡರಾದ ಪಂಚಾಕ್ಷರಿ ಗವಾಯಿಗಳು ಅದನ್ನು ಕಟ್ಟಿದರು. ಕರ್ನಾಟಕ, ಹಿಂದೂಸ್ತಾನಿ ಎರಡು ಪದ್ಧತಿಗಳನ್ನೂ ಬಲ್ಲವರಾಗಿದ್ದ ಅವರು 1944ರಲ್ಲಿ ಲಿಂಗೈಕ್ಯರಾದರು. ಬಳಿಕ ಅವರ ಶಿಷ್ಯರೂ ಅಂಧರೂ ಆದ ಪುಟ್ಟರಾಜ ಗವಾಯಿಗಳು, 2010ರಲ್ಲಿ ತಾವು ತೀರಿಕೊಳ್ಳುವವರೆಗೂ, ಆ ಭಾರವನ್ನು ಹೊತ್ತರು. ಅಂಧರೂ ಅನಾಥರೂ ಆದ ಮಕ್ಕಳಿಗೆ ಅಲ್ಲಿ ಅನ್ನವೂ ದೊರೆಯಿತು, ವಿದ್ಯೆಯೂ ದೊರೆಯಿತು. ಅಲ್ಲಿ ಕಲಿತವರು ನಮ್ಮ ನಾಡಿನ ಎಷ್ಟೋ ಊರುಗಳಲ್ಲಿ ಪೇಟಿ, ತಬಲಾ, ಪಿಟೀಲುಗಳನ್ನು ನುಡಿಸುತ್ತ ಬಾಳಿದ್ದಾರೆ. ಅವರಿಲ್ಲದಿದ್ದರೆ ಮುಂಡರಗಿಯ ಜಾತ್ರೆಗೋ ಲಕ್ಷ್ಮೇಶ್ವರದ ಉತ್ಸವಕ್ಕೋ ಬರುವ ಗಾಯಕನಿಗೆ ಜೊತೆ ಎಲ್ಲಿಂದ ಬಂದೀತು?

ಕೆಲವು ವರ್ಷಗಳ ಹಿಂದೆ ನಮ್ಮ ಓಣಿಯವರು ಒಂದು ಸಂಗೀತಕೂಟವನ್ನು ಏರ್ಪಡಿಸಿದರು. ಟಿಕೆಟಿಲ್ಲ, ದೇವಾಲಯದ ಅಂಗಳದಲ್ಲಿ ಜಮಖಾನೆ ಹಾಸಿ ಎಲ್ಲರಿಗೂ ಬಾಗಿಲು ತೆರೆದುದು. ಪುಣೆಯಲ್ಲಿ ನೆಲೆಸಿದ್ದ ಕನ್ನಡಿಗ ಗಾಯಕರೊಬ್ಬರು ಅತಿಥಿ. ಕರಪತ್ರ ಬರೆಯುವ ಕೆಲಸ, ನಾನು ಓದಿದವನೆಂದು, ನನ್ನ ಪಾಲಿಗೆ ಬಂದಿತು. ಅತಿಥಿಗಳ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದೆ, ಬಿರುದುಗಳನ್ನು ಸೇರಿಸಿದೆ. ಕೆಳಗೆ ‘ಸ್ಥಳೀಯ ಕಲಾವಿದರ ಸಾಥ್ ಇರುವುದು’ ಎಂದು ಬರೆದು ಮುಗಿಸಿದೆ.

ಗಾಡಿ ತಡವಾಗಿ, ಅತಿಥಿಗಳು ಬಂದದ್ದು ಕಚೇರಿಗೆ ಅರ್ಧ ಗಂಟೆ ಮುಂಚೆ. ಪೇಟಿಯವರೂ ತಬಲದ ಹುಡುಗನೂ ಇಬ್ಬರೂ ಅಂಧರು. ಅತಿಥಿಗಳನ್ನು ಹಿಂದೆ ಎಂದೂ ಸಂಧಿಸಿದವರಲ್ಲ. ‘ಕರಿ ಎರಡು’ ಎಂದು ಅತಿಥಿಗಳು ಶ್ರುತಿ ಹೇಳಿದರು. ತಂಬೂರಿ ಕೂಡಿತು, ತಬಲಾ ಕೂಡಿತು. ಬಾಗೇಶ್ರೀ ರಾಗ, ವಿಲಂಬಿತ ಏಕತಾಲ. ಹಾಡಲು ತೊಡಗುವ ಮುನ್ನ ಅತಿಥಿಗಳು, ವಾಡಿಕೆಯಂತೆ, ಕೈಯಾಡಿಸಿ ತಬಲದವನಿಗೆ ಲಯವನ್ನು ತೋರಿಸಿದರು. ಹುಡುಗ ಸುಮ್ಮನೆ ಕುಳಿತಿದ್ದ. ಮತ್ತೊಮ್ಮೆ ತೋರಿಸಿದರು. ಸಭೆಯಲ್ಲಿ ಒಬ್ಬಿಬ್ಬರು ಕೆಮ್ಮಿದರು. ಆಗ ಅವರಿಗೆ ಅರಿವಾಯಿತು. ಕೈಯನ್ನು ಮಡಿಲಿಗಿಳಿಸಿ, ಚೀಜಿನ ಮುಖವನ್ನು ಮೆಲ್ಲಗೆ ಹಾಡಿದರು. ಸಮಕ್ಕೆ ಬರುವಷ್ಟರಲ್ಲಿ ಹುಡುಗನ ‘ಧಿನ್’ ತೂಗಿ ಇಟ್ಟಂತೆ ಬಂದು ಕೂಡಿತು.

ಅಲ್ಲಿಂದ ಮುಂದೆ ಕೈಸನ್ನೆಯ ಮಾತೇ ಇಲ್ಲ. ಗಾಯಕರು ಒಂದು ಸ್ವರದ ಮೇಲೆ ನಿಂತರೆ ಪೇಟಿಯೂ ನಿಲ್ಲುವುದು. ಅವರು ಉಸಿರೆಳೆದುಕೊಂಡ ಅವಕಾಶದಲ್ಲಿ ಅವರು ಬಿಟ್ಟ ಮಾತನ್ನೇ ಹಿಡಿದು ಎರಡು ಹೆಜ್ಜೆ ನಡೆದು, ಅವರು ಬಾಯಿ ತೆರೆಯುವುದರೊಳಗೆ ಹಿಂದೆ ಸರಿಯುವುದು. ನಡುವೆ ವಿದ್ಯುತ್ತು ಹೋಯಿತು. ನಾವೆಲ್ಲ ಕತ್ತಲೆಯಲ್ಲಿ ಗುಜುಗುಜು ಮಾಡಿದೆವು. ಅವರಿಬ್ಬರಿಗೆ ಧ್ವನಿವರ್ಧಕ ನಿಂತಿತೆಂಬುದಷ್ಟೇ ತಿಳಿಯಿತು. ಗಾಯಕರ ಬರಿಯ ಕಂಠಕ್ಕೆ ತಕ್ಕಂತೆ ತಮ್ಮ ನಾದವನ್ನು ತಗ್ಗಿಸಿ ನುಡಿಸಿದರು. ದೀಪ ಬಂದಾಗ ಕಂಡಿತು: ಅತಿಥಿಗಳೂ ಕಣ್ಣು ಮುಚ್ಚಿ ಹಾಡುತ್ತಿದ್ದರು.

ಕಚೇರಿ ಮುಗಿದ ಮೇಲೆ ನಾನು ಹಾರ ಹಿಡಿದು ವೇದಿಕೆಯೇರಿದೆ. ಹಾರ ಒಂದೇ ಇತ್ತು. ಅತಿಥಿಗಳು ಅದನ್ನು ಕೈಯಲ್ಲಿ ತೆಗೆದುಕೊಂಡು, ಪಕ್ಕದಲ್ಲಿ ಬಿದ್ದಿದ್ದ ಕರಪತ್ರವನ್ನು ನೋಡಿ, “ಮಾಸ್ತರ್ರ, ನಾ ಒಬ್ಬನ ಹಾಡಿದ್ನೇನ್ರಿ? ಇವರ ಹೆಸರು ಎಲ್ಲಿ ಅದಾವು?” ಎಂದರು. ಕೋಪದ ಮಾತಲ್ಲ; ಆದರೆ ನನ್ನಲ್ಲಿ ಉತ್ತರವಿರಲಿಲ್ಲ. ಏಕೆಂದರೆ ತಬಲದ ಹುಡುಗನ ಹೆಸರು ನನಗೆ ತಿಳಿದಿರಲಿಲ್ಲ. ನಮ್ಮ ಮನೆಯಿಂದ ಮೂರು ಬೀದಿಯಾಚೆ ಇದ್ದ ಹುಡುಗ.

ಈ ಅಲಕ್ಷ್ಯ ನನ್ನೊಬ್ಬನದೇ ಎಂದರೆ ವಿನಯವಾದೀತು, ಸತ್ಯವಾಗದು. ಪೇಟಿಯನ್ನು ಆಲ್ ಇಂಡಿಯಾ ರೇಡಿಯೊ 1940ರಲ್ಲಿ ಹೊರಗಿಟ್ಟಿತು. ಆ ನಿಷೇಧ ಭಾಗಶಃ ಸಡಿಲವಾಗಲು ಮೂವತ್ತು ವರ್ಷ ಹಿಡಿಯಿತು. ಅದರ ಸ್ವರಗಳು ಅಚಲವೆಂಬ ಆಕ್ಷೇಪದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಆ ವರ್ಷಗಳಲ್ಲಿಯೂ ಬೆಳಗಾವಿಯ ರಾಮಭಾವು ವಿಜಾಪುರೆಯಂಥವರು ಸಭೆಗಳಲ್ಲಿ ಅದನ್ನು ಹಾಡಿಸುತ್ತಲೇ ಇದ್ದರು.

ಸಾಥ್ ಕೊಡುವುದು ಕೀಳೆಂದು ನಮ್ಮ ಹಿರಿಯರು ಎಣಿಸಿದವರಲ್ಲ. 1936ರಲ್ಲಿ ಹಂಪೆಯಲ್ಲಿ ವಿಜಯನಗರದ ಆರುನೂರನೆಯ ವರ್ಷದ ಉತ್ಸವ ನಡೆದಾಗ ತರುಣರಾದ ಬಸವರಾಜ ರಾಜಗುರುಗಳು ಹಾಡಿದರು. ಅವರಿಗೆ ತಬಲಾ ನುಡಿಸಿದವರು ಗುರುಗಳಾದ ಪಂಚಾಕ್ಷರಿ ಗವಾಯಿಗಳೇ. ಶಿಷ್ಯನ ಪಕ್ಕದಲ್ಲಿ ಕುಳಿತುದರಿಂದ ಗುರುವಿನ ಎತ್ತರ ಕಡಿಮೆಯಾಗಲಿಲ್ಲ.

ಮೈಸೂರಿನ ಕಡೆ ಪಕ್ಕವಾದ್ಯ ಎನ್ನುವುದನ್ನು ನಮ್ಮ ಕಡೆ ಸಾಥ್ ಎನ್ನುತ್ತೇವೆ. ಒಂದು ಶಬ್ದ ಆಸನವನ್ನು ಹೇಳುತ್ತದೆ, ಇನ್ನೊಂದು ಸಂಬಂಧವನ್ನು. ಆ ಸಂಬಂಧವನ್ನು ನಾನು ಜಾಝಿನ ಪುಸ್ತಕಗಳಲ್ಲಿ ಮೆಚ್ಚಿದ್ದೆ; ಓಣಿಯಲ್ಲಿ ಕಂಡಿರಲಿಲ್ಲ.

ಮರುವರ್ಷದ ಕರಪತ್ರವನ್ನೂ ನಾನೇ ಬರೆದೆ. ಮೂರು ಹೆಸರುಗಳು ಒಂದೇ ಅಳತೆಯ ಅಕ್ಷರಗಳಲ್ಲಿ ಅಚ್ಚಾದುವು. ಹಾರಗಳೂ ಮೂರು ಬಂದುವು. ಸಂಭಾವನೆಯ ಅಂತರ ಇನ್ನೂ ಉಳಿದಿದೆ. ಅದನ್ನು ಸರಿಪಡಿಸುವುದಕ್ಕೆ ಹಾರ ಸಾಲದೆಂದು ಬಲ್ಲೆ. ಶಿರಹಟ್ಟಿಯಲ್ಲಾಗಲಿ ಶಿವಮೊಗ್ಗೆಯಲ್ಲಾಗಲಿ ತಾವು ಮುಂದೆ ಒಂದು ಕಚೇರಿಗೆ ಹೋದಾಗ, ಹಾಡಿದವರು ಯಾರೆಂದು ಕೇಳಿದ ಮೇಲೆ, ತಬಲಾ ಯಾರದೆಂದು ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕೆಂದು ಬೇಡಿಕೊಳ್ಳುತ್ತೇನೆ.