ಮನೆಗೂ ಒಬ್ಬ ಬದಲಿ ಬೇಕು
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಈ ದಿನ ನಾನು ಪಗಾರದ ಮಾತೆತ್ತುವುದಿಲ್ಲ. ಮನೆಯ ಮಾತೊಂದನ್ನು ಹೇಳಬೇಕೆಂದು ನಿಂತಿದ್ದೇನೆ. ಏಳನೆಯ ಇಯತ್ತೆಯವರೆಗೆ ಓದಿದವನು, ತಪ್ಪಿದ್ದರೆ ಮನ್ನಿಸಬೇಕು.

ನನ್ನ ಮನೆಯವಳಿಗೆ ಪಾರ್ಶ್ವವಾಯು ಬಡಿದು ಬಲಭಾಗ ಸ್ವಾಧೀನ ತಪ್ಪಿದಾಗ ನಾನಿನ್ನೂ ಹೋಟೆಲಿನಲ್ಲೇ ಇದ್ದೆ. ಒಂದೇ ಮಗ್ಗುಲಲ್ಲಿ ಮಲಗಿದರೆ ಮೈ ಹುಣ್ಣಾಗುತ್ತದೆ, ಎರಡು ಗಂಟೆಗೊಮ್ಮೆ ಹೊರಳಿಸಿ ಎಂದರು ಡಾಕ್ಟರು. ಹಗಲು ಅತ್ತೆಯವರು ನೋಡಿಕೊಳ್ಳುತ್ತಿದ್ದರು, ರಾತ್ರಿಪಾಳಿ ನನ್ನದು. ಬೆಳಿಗ್ಗೆ ಐದಕ್ಕೆ ಮತ್ತೆ ಹೋಟೆಲು.

ವಾರದ ರಜೆ ಇರಲಿಲ್ಲವೇ ಎನ್ನುವಿರಿ. 1948ರ ಮುಂಬಯಿ ಅಂಗಡಿ ಕಾಯಿದೆಯಲ್ಲಿ ಅದಿತ್ತು. ಅದರ ಜಾಗಕ್ಕೆ ಬಂದ 2017ರ ಮಹಾರಾಷ್ಟ್ರದ ಕಾಯಿದೆಯಲ್ಲೂ ಎಡೆಬಿಡದ 24 ಗಂಟೆಗಳ ರಜೆ ಇದೆ. ಅದಕ್ಕಾಗಿ ಮಾಲಿಕರೊಡನೆ ವಾದಿಸಿದವನೂ ನಾನೇ. ಆದರೆ ಆ ದಿನ ಅತ್ತೆಯವರು ಮಗನ ಮನೆಗೆ ಹೋಗುತ್ತಿದ್ದರು. ನನಗೆ ರಜೆಯೆಂದರೆ ಎರಡು ಪಾಳಿ.

ಒಂದು ರಾತ್ರಿ ಅವಳು ಮೂರನೆಯ ಸಲ ನೀರು ಕೇಳಿದಳು. ನಾನು ಲೋಟ ಕುಕ್ಕಿದೆ. ಅವಳು ಏನೂ ಅನ್ನಲಿಲ್ಲ. ಮರುದಿನದಿಂದ ಸಂಜೆಯ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಳು. ಅದು ನನಗೆ ತಿಳಿಯಲು ನಾಲ್ಕು ದಿನ ಹಿಡಿಯಿತು. ನಾನು ಕೆಟ್ಟವನಲ್ಲ, ಬಂಧುಗಳೇ, ನಿದ್ದೆಗೆಟ್ಟವನು. ಮಲಗಿದವಳಿಗೆ ಎರಡೂ ಒಂದೇ.

ಮಿಲ್ಲಿನವರಿಗೆ ಬದಲಿಯೆಂದರೆ ಏನೆಂದು ನಾನು ಹೇಳಬೇಕಾಗಿಲ್ಲ. ಮನೆಗೆ ಬದಲಿ ಕೇಳಲು ಮಾತ್ರ ನಮಗೆ ನಾಚಿಕೆ. ಕಡೆಗೆ ಪಕ್ಕದ ಖೋಲಿಯ ಮಾವಶಿಯನ್ನು ಕೇಳಿದೆ. "ಇಷ್ಟು ದಿನ ಬಾಯಿ ಇರಲಿಲ್ಲವೇ?" ಎಂದು ಬೈದು, ರಜೆಯ ದಿನ ಮೂರರಿಂದ ನಾಲ್ಕರವರೆಗೆ ಬಂದು ಕುಳಿತರು. ಮೊದಲ ದಿನ ಆ ಹೊತ್ತಿನಲ್ಲಿ ನಾನು ಬಟ್ಟೆ ನೆನೆಹಾಕಿದೆ. "ಬಟ್ಟೆ ಓಡಿಹೋಗುವುದಿಲ್ಲ, ನೀವು ಮಲಗಿ" ಎಂದಳು ಇವಳು. ಚಾಳಿನ ಗ್ಯಾಲರಿಯಲ್ಲಿ ಚಾಪೆ ಹಾಸಿದೆ. ಒಳಗೆ ಅವರಿಬ್ಬರೂ ಅರೆ ಮರಾಠಿ ಅರೆ ಕನ್ನಡದಲ್ಲಿ ನಗುತ್ತಿದ್ದುದು ಕೇಳಿಸಿತು. ಅವಳಿಗೂ ನನ್ನ ಮುಖದಿಂದ ಒಂದು ತಾಸು ಬಿಡುವು!

ನಾವು ಹಾಸಿಗೆ ಹಿಡಿದಾಗ ನಮ್ಮ ಹೆಂಗಸರಿಗೆ ಬದಲಿ ಯಾರು? ಅವರು ಕೇಳುವುದೇ ಇಲ್ಲ, ನಾವೂ ವಿಚಾರಿಸುವುದಿಲ್ಲ.

ಆದುದರಿಂದ ನನ್ನದೊಂದು ಸೂಚನೆ. ಮನೆಯಲ್ಲಿ ಮಲಗಿದವರಿದ್ದರೆ ಚಾಳು, ಖೋಲಿ ಬರೆಸಿ. ಬಿಡುವಿದ್ದವರು ವಾರಕ್ಕೆ ಒಂದು ತಾಸು ಕೊಡಿ. ಹೆಂಗಸರ ಬಳಿಗೆ ಹೆಂಗಸರು ಹೋಗಲಿ. ಕಾರ್ಯದರ್ಶಿಗಳ ಬಳಿ ವಹಿ ಇದೆ. ಮೊದಲು ನನ್ನ ಹೆಸರು ಬರೆದುಕೊಳ್ಳಿ: ಬುಧವಾರ, ಮಧ್ಯಾಹ್ನ ಎರಡಕ್ಕೆ.