ಕೈಯಾಗ ಒಂದು



ಕೂಡಿಸುವ ಲೆಕ್ಕವನ್ನು ನಮ್ಮ ಸೀಮೆಯಲ್ಲಿ ಒಂದು ಮಾತಿನೊಡನೆ ಕಲಿಸುತ್ತ ಬಂದಿದ್ದೇವೆ. ಇಪ್ಪತ್ತೇಳಕ್ಕೆ ಹದಿನೈದನ್ನು ಕೂಡಿಸಬೇಕು ಎನ್ನಿ. ಏಳೂ ಐದೂ ಹನ್ನೆರಡು. ಎರಡು ಬರಿ, ಕೈಯಾಗ ಒಂದು. ಈ ಮಾತನ್ನು ನಾನು ಮಾಸ್ತರನಾಗಿ ಎಷ್ಟು ಸಾವಿರ ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಸವದತ್ತಿ ತಾಲೂಕಿನ ಒಂದು ಹಳ್ಳಿಯಲ್ಲಿ ಎರಡನೆಯ ವರ್ಗಕ್ಕೆ ಪಾಠ ಹೇಳುತ್ತಿದ್ದಾಗ ಒಬ್ಬ ಹುಡುಗ ಇದನ್ನು ಕೇಳಿ ತನ್ನ ಬಲಗೈ ಮುಷ್ಟಿಯನ್ನು ಬಿಚ್ಚಿ ನೋಡಿಕೊಂಡ. ಬಳಿಕ ನನ್ನ ಮುಖ ನೋಡಿ, “ಕೈಯಾಗ ಏನೂ ಇಲ್ರೀ ಸರ” ಎಂದ. ವರ್ಗವೆಲ್ಲ ನಕ್ಕಿತು. ನಾನೂ ನಕ್ಕೆ. ಹುಡುಗ ತಲೆ ತಗ್ಗಿಸಿ ಕುಳಿತ. ಮುಂದೆ ಒಂದು ವಾರ ಲೆಕ್ಕದ ಪಾಠದಲ್ಲಿ ಅವನು ಬಾಯಿ ಬಿಡಲಿಲ್ಲ.

ನಕ್ಕದ್ದು ತಪ್ಪೆಂದು ತಿಳಿಯಲು ನನಗೆ ಆ ವಾರವೇ ಬೇಕಾಯಿತು. ಹುಡುಗ ಹೇಳಿದ್ದು ನಿಜವಾಗಿತ್ತು. ಇಲ್ಲದ ಒಂದನ್ನು ಕೈಯಲ್ಲಿದೆ ಎಂದು ಹೇಳಿ ನಂಬಿಸುತ್ತಿದ್ದವನು ನಾನು. ಉಳಿದವರು ನಂಬಿದ್ದರು; ಇವನೊಬ್ಬ ಕೈ ತೆರೆದು ಪರೀಕ್ಷಿಸಿದ್ದ.

ಮುಂದಿನ ವಾರ ಮಕ್ಕಳಿಗೆ ತೊಗರಿಯ ಕಡ್ಡಿಗಳನ್ನು ತರಹೇಳಿದೆ. ಬೆರಳುದ್ದದ ತುಂಡುಗಳನ್ನಾಗಿ ಮುರಿದು, ಹತ್ತು ಹತ್ತು ಕಡ್ಡಿಗಳನ್ನು ದಾರದಿಂದ ಕಟ್ಟಿಸಿದೆ. ಇಪ್ಪತ್ತೇಳು ಎಂದರೆ ಎರಡು ಕಟ್ಟು, ಏಳು ಬಿಡಿಗಡ್ಡಿ. ಹದಿನೈದು ಎಂದರೆ ಒಂದು ಕಟ್ಟು, ಐದು ಬಿಡಿಗಡ್ಡಿ. ಬಿಡಿಗಡ್ಡಿಗಳನ್ನು ಒಟ್ಟುಗೂಡಿಸಿದಾಗ ಹನ್ನೆರಡಾದವು. ಹತ್ತನ್ನು ಎತ್ತಿ ಕಟ್ಟಿದರು, ಎರಡು ಉಳಿದವು. ಹೊಸ ಕಟ್ಟು ಆ ಹುಡುಗನ ಕೈಯಲ್ಲಿತ್ತು. ಅದನ್ನು ಮೇಲೆತ್ತಿ ಹಿಡಿದು “ಈಗ ಐತ್ರಿ” ಎಂದ. ಅದನ್ನು ಉಳಿದ ಮೂರು ಕಟ್ಟುಗಳ ಪಕ್ಕದಲ್ಲಿ ಇಟ್ಟು, ನಲವತ್ತೆರಡು ಎಂದು ಪಾಟಿಯ ಮೇಲೆ ತಾನೇ ಬರೆದ. ಕಳೆಯುವ ಲೆಕ್ಕ ಬಂದಾಗ ನಾನು ಹೇಳಿಕೊಡುವ ಮೊದಲೇ ಅವನ ಬೆರಳು ದಾರದ ಗಂಟನ್ನು ಬಿಚ್ಚುತ್ತಿತ್ತು. ಕಟ್ಟುವುದು ಕೂಡಿಸುವುದರಲ್ಲಿ, ಬಿಚ್ಚುವುದು ಕಳೆಯುವುದರಲ್ಲಿ ಎಂಬುದನ್ನು ಅವನ ಕೈ ಕಂಡುಕೊಂಡಿತ್ತು.

ಎಳೆಯ ಮಕ್ಕಳ ವರ್ಗದಲ್ಲಿ ಕೈಯಿಂದ ಮಾಡಿ ಕಲಿಯುವುದು ಎಂಬ ವಿಷಯವನ್ನು ನಾನು ಈ ಕಡ್ಡಿಯ ಕಟ್ಟಿನಿಂದಲೇ ಆರಂಭಿಸುತ್ತಿದ್ದೇನೆ. ಏಕೆಂದರೆ ಇದು ಹೊರಗಿನಿಂದ ಬಂದ ಹೊಸ ಮಾತೆಂಬ ಭಾವನೆ ನಮ್ಮಲ್ಲಿದೆ. ಅದು ಸರಿಯಲ್ಲ.

ಹಿಂದಿನ ಗಾಂವಠಿ ಶಾಲೆಯನ್ನು ನೆನೆಯಿರಿ. ಅಲ್ಲಿ ಮಗು ಮೊದಲ ಅಕ್ಷರವನ್ನು ಉಸುಕಿನ ಮೇಲೆ ಬೆರಳಿನಿಂದ ತಿದ್ದುತ್ತಿತ್ತು. ‘ತಿದ್ದು’ ಎಂಬ ನಮ್ಮ ಮಾತೇ ಎಷ್ಟು ಅರ್ಥಪೂರ್ಣವಾದುದು! ಬರೆದುದರ ಮೇಲೆ ಮತ್ತೆ ಬೆರಳಾಡಿಸುವುದೂ ತಿದ್ದುವುದೇ, ತಪ್ಪನ್ನು ಸರಿಪಡಿಸುವುದೂ ತಿದ್ದುವುದೇ. ಇಟಲಿಯ ಮಾರಿಯಾ ಮಾಂಟೆಸ್ಸರಿಯವರು 1907ರಲ್ಲಿ ರೋಮ್ ನಗರದ ಬಡವರ ಕೇರಿಯಲ್ಲಿ ಮಕ್ಕಳ ಮನೆಯನ್ನು ತೆರೆದು, ಉಸುಕುಕಾಗದದಿಂದ ಕತ್ತರಿಸಿದ ಅಕ್ಷರಗಳ ಮೇಲೆ ಮಕ್ಕಳ ಬೆರಳಾಡಿಸಿ ಬರವಣಿಗೆಯನ್ನು ಕಲಿಸಿದರು. ಲೋಕವೆಲ್ಲ ಅದನ್ನು ಮೆಚ್ಚಿತು. ನಮ್ಮ ಅಜ್ಜಂದಿರ ಉಸುಕಿಗೂ ಆ ಉಸುಕುಕಾಗದಕ್ಕೂ ಇರುವ ನಂಟನ್ನು ಮಾತ್ರ ನಾವು ಗಮನಿಸಲಿಲ್ಲ.

ಶಾಲೆಯ ಹೊರಗೆ ನೋಡಿದರಂತೂ ನಮ್ಮ ಮಕ್ಕಳ ಕೈಗೆ ಬಿಡುವೇ ಇಲ್ಲ. ಮೊದಲ ಮಳೆಗಳ ಹಿಂದೆಯೇ ಮಣ್ಣೆತ್ತಿನ ಅಮವಾಸ್ಯೆ ಬರುತ್ತದೆ. ಕೆರೆಯ ಮಣ್ಣನ್ನು ತಂದು, ಕಸಕಡ್ಡಿ ತೆಗೆದು, ಹದ ನೋಡಿ ನಾದಿ ಎತ್ತುಗಳನ್ನು ಮಾಡುತ್ತಾರೆ. ನೀರು ಹೆಚ್ಚಾದರೆ ಎತ್ತಿನ ಕಾಲು ನಿಲ್ಲದು, ಕಡಿಮೆಯಾದರೆ ಕೋಡು ಬಿರಿಯುವುದು. ಇದನ್ನು ಯಾವ ಪುಸ್ತಕವೂ ಅವರಿಗೆ ಹೇಳಿಲ್ಲ. ಗಜಗದ ಆಟದಲ್ಲಿ ಎಣಿಕೆಯಿದೆ, ಅಳಗುಳಿಮಣೆಯಲ್ಲಿ ಹಂಚಿಕೆಯ ಲೆಕ್ಕವಿದೆ. ಜೋಳದ ದಂಟಿನ ಬೆಂಡು ಸಿಬಿರುಗಳಿಂದ ಚಕ್ಕಡಿ ಮಾಡುವ ಹುಡುಗನಿಗೆ ಎರಡೂ ಗಾಲಿಗಳು ಒಂದೇ ಅಳತೆಯವಾಗಬೇಕೆಂಬುದು ಗೊತ್ತು. ಇಷ್ಟೆಲ್ಲ ತಿಳಿದ ಕೈಯನ್ನು ಶಾಲೆಯ ಹೊಸ್ತಿಲಲ್ಲಿ ಬಿಟ್ಟು, ಕೈಕಟ್ಟಿ ಕೂಡ್ರು ಎಂದು ಮಗುವಿಗೆ ಹೇಳುತ್ತೇವೆ. ಕೈಕಟ್ಟಿ ಕುಳಿತುಕೊಳ್ಳುವುದೇ ನಮ್ಮಲ್ಲಿ ಜಾಣತನದ ಮೊದಲ ಲಕ್ಷಣವಾಗಿದೆ.

ಇದನ್ನು ಬದಲಿಸಲು ನಮ್ಮ ದೇಶದಲ್ಲಿ ಪ್ರಯತ್ನಗಳು ನಡೆಯದೆ ಇಲ್ಲ. ಗುಜರಾತದ ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ಆರಂಭಿಸಿ, ಮಾಂಟೆಸ್ಸರಿಯ ವಿಚಾರಗಳನ್ನು ನಮ್ಮ ನೆಲಕ್ಕೆ ಒಗ್ಗಿಸಿದರು. 1937ರ ಅಕ್ಟೋಬರದಲ್ಲಿ ವರ್ಧಾದಲ್ಲಿ ಸೇರಿದ ಶಿಕ್ಷಣ ಸಮ್ಮೇಳನದಲ್ಲಿ ಗಾಂಧೀಜಿ ಕೈಕಸುಬಿನ ಮೂಲಕವೇ ಶಿಕ್ಷಣ ನಡೆಯಬೇಕೆಂಬ ವಿಚಾರವನ್ನು ಮುಂದಿಟ್ಟರು. ಅದೇ ವರ್ಷದ ಏಪ್ರಿಲದಲ್ಲಿ ಅವರು ನಮ್ಮ ಬೆಳಗಾವಿ ಜಿಲ್ಲೆಯ ಹುದಲಿಗೆ ಗಾಂಧಿ ಸೇವಾ ಸಂಘದ ಸಭೆಗಾಗಿ ಬಂದಿದ್ದರು. ಗಂಗಾಧರರಾವ ದೇಶಪಾಂಡೆಯವರು ಖಾದಿಯ ಕೆಲಸ ಬೆಳೆಸಿದ ಊರು ಅದು. ಡಾ. ಜಾಕಿರ್ ಹುಸೇನರ ಸಮಿತಿ ಯೋಜನೆಯನ್ನು ರೂಪಿಸಿತು. ಮೂಲಶಿಕ್ಷಣವೆಂಬ ಹೆಸರಿನಿಂದ ಅದು ಅನೇಕ ಶಾಲೆಗಳನ್ನು ಹೊಕ್ಕಿತು. ಆದರೆ ಬರುಬರುತ್ತ ಬಹಳ ಕಡೆಗೆ ತಕಲಿ ಉಳಿಯಿತು, ತಕಲಿಯ ಹಿಂದಿನ ವಿಚಾರ ಉಳಿಯಲಿಲ್ಲ. ಎಷ್ಟು ನೂಲು ಬಂತೆಂದು ನೋಡುವವರಿದ್ದರು. ನೂಲುವಾಗ ಮಗು ಏನನ್ನು ಅರಿಯಿತೆಂದು ಕೇಳುವವರು ಕಡಿಮೆಯಾದರು.

ನಮ್ಮ ರಾಜ್ಯದಲ್ಲಿ ಇದೇ ದಾರಿಯ ಇನ್ನೊಂದು ದೊಡ್ಡ ಪ್ರಯತ್ನ ‘ನಲಿ-ಕಲಿ’. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಕೆಲವು ಶಿಕ್ಷಕರು ಆಂಧ್ರದ ಋಷಿವ್ಯಾಲಿಯ ಸುತ್ತಲಿನ ಚಿಕ್ಕ ಹಳ್ಳಿಶಾಲೆಗಳನ್ನು ನೋಡಿಬಂದು, 1995ರಲ್ಲಿ ಯುನಿಸೆಫ್‌ನ ನೆರವಿನಿಂದ ತಮ್ಮಲ್ಲಿ ಅದನ್ನು ಆರಂಭಿಸಿದರು. 2009-10ರಲ್ಲಿ ಅದು ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಮೊದಲೆರಡು ವರ್ಗಗಳಿಗೂ, ಬಳಿಕ ಮೂರನೆಯ ವರ್ಗಕ್ಕೂ ಬಂದಿತು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಹಳ್ಳಿಶಾಲೆಗಳಿಗೂ ಆಗಲೇ ಬಂದದ್ದು. ಪಠ್ಯಪುಸ್ತಕದ ಬದಲು ಚಿತ್ರದ ಗುರುತುಳ್ಳ ಕಾರ್ಡುಗಳು, ಅವುಗಳ ಕ್ರಮವನ್ನು ತೋರಿಸುವ ಕಲಿಕೆಯ ಏಣಿ, ಮಕ್ಕಳು ನೆಲದ ಮೇಲೆ ಐದು ಗುಂಪುಗಳಾಗಿ ಕೂಡುವ ‘ತಟ್ಟೆ’ಗಳು, ಎಳೆಯರ ಕೈಗೆ ಎಟಕುವಂತೆ ಗೋಡೆಯ ಕೆಳಭಾಗದಲ್ಲಿ ಕಪ್ಪು ಹಲಗೆ, ಮಕ್ಕಳು ಮಾಡಿದುದನ್ನು ತೂಗಬಿಡಲು ಮೇಲೊಂದು ದಾರದ ಚಪ್ಪರ.

ಅಕ್ಷರ ಕಲಿಸುವ ಕ್ರಮವೂ ಬೇರೆಯಾಯಿತು. ವರ್ಣಮಾಲೆಯನ್ನು ಅ ಆ ಇ ಈ ಎಂದು ಮೊದಲಿನಿಂದ ಹಿಡಿಯದೆ ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ತೊಡಗಿದರು. ಐದೇ ಅಕ್ಷರ ತಿಳಿದ ಮಗು ಅರಸ, ಅಗಸ, ಸರ, ದಸರ, ಗರಗಸ ಎಂದು ಪದಗಳನ್ನು ಜೋಡಿಸಬಲ್ಲದು. ಮಳೆಗಾಲ ಮುಗಿಯುವ ಮೊದಲೇ ಓದಿನ ರುಚಿ ಅದಕ್ಕೆ ಹತ್ತುತ್ತದೆ.

ಈ ಏಣಿಯ ನಿಜವಾದ ಉಪಕಾರವನ್ನು ನಾನು ಕಂಡದ್ದು ಗುಳೆ ಹೋಗುವ ಮನೆಗಳ ಮಕ್ಕಳಲ್ಲಿ. ನಮ್ಮ ಒಣಭೂಮಿಯ ಊರುಗಳಿಂದ ಕೆಲವು ಕುಟುಂಬಗಳು ಸುಗ್ಗಿ ತೀರಿದ ಮೇಲೆ ಕೂಲಿಗಾಗಿ ಗೋವೆಯ ಕಡೆಗೋ ಕಬ್ಬಿನ ಸೀಮೆಗೋ ಹೋಗುತ್ತವೆ. ಮಗು ಎರಡು ತಿಂಗಳ ಮೇಲೆ ಮರಳಿದಾಗ ಪುಸ್ತಕದ ವರ್ಗದಲ್ಲಿ ಪಾಠಗಳು ಮುಂದೆ ಹೋಗಿರುತ್ತವೆ. ಮಗು ಶಾಶ್ವತವಾಗಿ ಹಿಂದುಳಿಯುತ್ತದೆ, ದಡ್ಡ ಎನ್ನಿಸಿಕೊಳ್ಳುತ್ತದೆ. ಏಣಿಯಲ್ಲಿ ಹಾಗಲ್ಲ. ಎಲ್ಲಿ ಬಿಟ್ಟಿತ್ತೋ ಆ ಮೆಟ್ಟಿಲಿನ ಕಾರ್ಡು ಅಲ್ಲಿಯೇ ಕಾದಿರುತ್ತದೆ.

ಹಾಗೆಂದು ಎಲ್ಲವೂ ಸರಿಯಾಯಿತೆ? ಇಲ್ಲ. ಕಾರ್ಡುಗಳೇ ಇನ್ನೊಂದು ಪುಸ್ತಕವಾದದ್ದನ್ನು ನಾನು ಕಂಡಿದ್ದೇನೆ. ಮಣಿಗಳನ್ನು ಬೀರುವಿನಲ್ಲಿಟ್ಟು, ಮಣಿಯ ಚಿತ್ರವಿರುವ ಕಾರ್ಡನ್ನು ಮಕ್ಕಳ ಕೈಗೆ ಕೊಟ್ಟ ವರ್ಗಗಳಿದ್ದವು. ಮೂರು ವರ್ಗಗಳ ಮಕ್ಕಳನ್ನು ಒಬ್ಬನೇ ಶಿಕ್ಷಕ ನೋಡಿಕೊಂಡು, ದಾಖಲೆಗಳನ್ನೂ ತುಂಬಬೇಕಾದಲ್ಲಿ ಇದು ಆಶ್ಚರ್ಯವೇನಲ್ಲ. ಇದಕ್ಕಿಂತ ದೊಡ್ಡ ಆಕ್ಷೇಪಣೆ ಬಂದದ್ದು ಪಾಲಕರಿಂದ. ಅದನ್ನು ನಿಮ್ಮ ಮುಂದೆ ಇಡಲೇಬೇಕು.

ರಾಮದುರ್ಗದ ಕಡೆಯ ಒಬ್ಬ ನೇಕಾರರು ಒಂದು ದಿನ ಶಾಲೆಗೆ ಬಂದರು. ಅವರ ಮಗಳು ನೆಲದ ಮೇಲೆ ಕುಳಿತು ಹುಣಸೆಬೀಜ, ಕವಡೆಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. ಸ್ವಲ್ಪ ಹೊತ್ತು ನೋಡಿ ಅವರೆಂದರು: “ಸರ, ಕೈಕೆಲಸ ನಮ್ಮ ಮನ್ಯಾಗ ಬೇಕಾದಷ್ಟ ಐತ್ರಿ. ನಮ್ಮ ಕೂಸು ಕೈಕೆಲಸ ಬಿಡ್ಲಿ ಅಂತನ ಸಾಲಿಗಿ ಕಳಿಸೀವ್ರಿ. ಇಲ್ಲೂ ಅದನ್ನ ಮಾಡಸ್ತೀರೇನ್ರಿ?”

ಈ ಮಾತಿಗೆ ಸುಲಭದ ಉತ್ತರವಿಲ್ಲ. ತಲೆಮಾರುಗಳಿಂದ ಕೈಯಿಂದಲೇ ದುಡಿದು ದಣಿದವರಿಗೆ ಪುಸ್ತಕವೆಂದರೆ ಬಿಡುಗಡೆ. ಉಳ್ಳವರ ಮಗು ಮಣ್ಣಿನಲ್ಲಿ ಆಡಿದರೆ ಅದು ಹೊಸ ಶಿಕ್ಷಣ. ಇಲ್ಲದವರ ಮಗು ಆಡಿದರೆ ಅದು ಹಳೆಯ ಹಣೆಬರಹ. ಮೂಲಶಿಕ್ಷಣದ ಬಗ್ಗೆ ಹಳ್ಳಿಗರಿಗಿದ್ದ ಅಳುಕೂ ಇದೇ ಆಗಿತ್ತು.

ನಾನು ವಾದಿಸಲಿಲ್ಲ. ಅವರನ್ನು ಮಗಳ ಪಕ್ಕದಲ್ಲಿ ಕೂಡಲು ಕೇಳಿಕೊಂಡೆ. ಅವಳು ಎರಡು ಬೀಜ, ಒಂದು ಕವಡೆ. ಮತ್ತೆ ಎರಡು ಬೀಜ, ಒಂದು ಕವಡೆ ಇಡುತ್ತ ಹೋಗಿದ್ದಳು. “ಇಪ್ಪತ್ತೊಂದನೆಯದು ಏನು ಬರುತ್ತದೆ?” ಎಂದು ಕೇಳಿದೆ. ಸಾಲು ಇನ್ನೂ ಹನ್ನೆರಡಕ್ಕೆ ನಿಂತಿತ್ತು. ಹುಡುಗಿ ಬೆರಳು ಮಡಿಸಿ “ಕವಡಿ” ಎಂದಳು. ಏಕೆ ಎಂದಾಗ, “ಮೂರಕ್ಕೊಮ್ಮೆ ಕವಡಿ ಬರತೈತಿ, ಮೂರೇಳಲೆ ಇಪ್ಪತ್ತೊಂದು” ಎಂದಳು. ತಂದೆ ಸುಮ್ಮನಾದರು. ಸೀರೆಯ ಅಂಚಿನ ಎಣಿಕೆಯಲ್ಲಿ ಪಳಗಿದವರಿಗೆ ಆ ಉತ್ತರದ ಬೆಲೆ ತಿಳಿಯದಿರುತ್ತದೆಯೆ?

ಮನೆಯಲ್ಲಿ ಕಂಡಿಕೆ ಸುತ್ತುವ ಕೈಗೂ ಶಾಲೆಯಲ್ಲಿ ಕವಡೆ ಇಡುವ ಕೈಗೂ ಇರುವ ಅಂತರ ಇದು: ಮನೆಯಲ್ಲಿ ಕೈ ನಿಲ್ಲುವಂತಿಲ್ಲ, ನಿಂತರೆ ಮಗ್ಗ ನಿಲ್ಲುತ್ತದೆ. ಶಾಲೆಯಲ್ಲಿ ಕೈ ನಿಲ್ಲಬೇಕು, ನಿಂತು ‘ಏಕೆ’ ಎಂದು ಕೇಳಬೇಕು. ಅಲ್ಲಿ ಬೇಕಾದದ್ದು ಸರಕು, ಇಲ್ಲಿ ಬೇಕಾದದ್ದು ಅರಿವು. ಆದರೆ ಹೋಗುವಾಗ ಅವರು ಹೇಳಿದ ಮಾತನ್ನೂ ನಾನು ಮರೆತಿಲ್ಲ. “ನೋಡೂಣ್ರಿ. ಲೆಕ್ಕ ಪಾಟಿ ಮ್ಯಾಲೂ ಕಾಣಬೇಕ್ರಿ.” ಅದು ನ್ಯಾಯವಾದ ಮಾತು. ಅಂದಿನಿಂದ ಪ್ರತಿ ಚಟುವಟಿಕೆಗೂ ಮೂರು ಮೆಟ್ಟಿಲು ಇಟ್ಟುಕೊಂಡೆ: ಮೊದಲು ಕೈ ಮಾಡಬೇಕು, ಆಮೇಲೆ ಬಾಯಿ ಹೇಳಬೇಕು, ಕೊನೆಗೆ ಪಾಟಿಯ ಮೇಲೆ ಮೂಡಬೇಕು. ಮೂರರಲ್ಲಿ ಒಂದು ತಪ್ಪಿದರೂ ಆಟ ಆಟವಾಗಿಯೇ ಉಳಿಯುತ್ತದೆ.

ಇದಕ್ಕೆ ಹಣದ ಅಡಚಣೆಯಿಲ್ಲ. ಬೈಲಹೊಂಗಲದ ಎರೆಯ ಸೀಮೆಯಲ್ಲಿ ಹತ್ತಿಗೆ ಬರವೆ? ಎರಡು ತೆಂಗಿನ ಚಿಪ್ಪುಗಳಿಂದ ತಕ್ಕಡಿ ಮಾಡಿ, ಒಂದರಲ್ಲಿ ಚಿಕ್ಕ ಕಲ್ಲನ್ನೂ ಇನ್ನೊಂದರಲ್ಲಿ ಅರಳೆಯನ್ನೂ ಇಡಿಸಿರಿ. ಚಿಪ್ಪು ತುಂಬಿ ಚೆಲ್ಲಿದರೂ ಕಲ್ಲು ಏಳುವುದಿಲ್ಲ. ದೊಡ್ಡದೆಲ್ಲ ಭಾರವಲ್ಲವೆಂಬುದನ್ನು ಮಗು ಮರೆಯುವುದಿಲ್ಲ. ಕಿತ್ತೂರಿನ ಕೋಟೆಗೆ ಮಕ್ಕಳನ್ನು ಕರೆದೊಯ್ದಾಗ ಚೆನ್ನಮ್ಮನ 1824ರ ಕಥೆಯನ್ನು ಹೇಳಿರಿ. ಜೊತೆಗೆ ಅಲ್ಲಿಯ ಒಂದು ಕಟ್ಟೆಯನ್ನು ಗೇಣಿನಿಂದ ಅಳೆಯಿಸಿರಿ. ಒಬ್ಬನಿಗೆ ಇಪ್ಪತ್ತು ಗೇಣು, ಒಬ್ಬಳಿಗೆ ಇಪ್ಪತ್ತೆರಡು, ಮಾಸ್ತರರಿಗೆ ಹದಿನಾಲ್ಕು. ಯಾರದು ನಿಜ ಎಂಬ ಜಗಳ ಹುಟ್ಟುತ್ತದೆ. ಮೀಟರ ಪಟ್ಟಿ ಏಕೆ ಬೇಕಾಯಿತೆಂಬುದು ಆ ಜಗಳದಲ್ಲಿ ತಾನಾಗಿ ತಿಳಿಯುತ್ತದೆ.

ಈಚೆಗೆ ಇದರ ಅಗತ್ಯ ಇನ್ನೂ ಹೆಚ್ಚಾಗಿದೆ. 2020ರ ಮಾರ್ಚದಲ್ಲಿ ಮಹಾಮಾರಿಯಿಂದ ಮುಚ್ಚಿದ ಶಾಲೆಗೆ ನಮ್ಮ ಚಿಕ್ಕ ವರ್ಗಗಳ ಮಕ್ಕಳು ಮರಳಿದ್ದು 2021ರ ಅಕ್ಟೋಬರ 25ರಂದು. ನಡುವಿನ ಕಾಲದಲ್ಲಿ ಫೋನು ಇದ್ದವರಿಗೆ ಫೋನಿನಲ್ಲಿ ಪಾಠ, ಇಲ್ಲದವರಿಗೆ ಅದೂ ಇಲ್ಲ. ಬೆರಳು ಗಾಜಿನ ಮೇಲೆ ಜಾರುವುದನ್ನು ಕಲಿಯಿತು. ಗಾಜಿನ ಮೇಲಿನ ಎತ್ತಿಗೆ ಮಣ್ಣಿನ ಹದ ಬೇಕಿಲ್ಲ. ಅದರ ಕೋಡು ಬಿರಿಯುವುದೂ ಇಲ್ಲ. ಬಿರಿಯದ್ದರಿಂದ ಕಲಿಯುವುದಾದರೂ ಏನನ್ನು?

ಆದುದರಿಂದ ಪಾಲಕರಲ್ಲಿ ನನ್ನದೊಂದು ಬಿನ್ನಹ. ಸಂಜೆ ಮಗು ಮನೆಗೆ ಬಂದಾಗ ‘ಏನು ಬರೆಸಿದರು’ ಎಂದು ಕೇಳುವುದರ ಜೊತೆಗೆ ‘ಇವತ್ತು ಕೈಯಿಂದ ಏನು ಮಾಡಿದಿ, ಅದರಿಂದ ಏನು ತಿಳೀತು’ ಎಂದೂ ಕೇಳಿರಿ. ಶಿಕ್ಷಕ ಬಂಧುಗಳಲ್ಲಿ ಇನ್ನೊಂದು ಬಿನ್ನಹ. ಯಾವ ಮಗುವಾದರೂ ನಿಮ್ಮ ಮಾತನ್ನು ಕೇಳಿ ಮುಷ್ಟಿ ಬಿಚ್ಚಿ ನೋಡಿಕೊಂಡರೆ, ನಾನು ನಕ್ಕಂತೆ ನಗಬೇಡಿರಿ. ಆ ಕೈಯಲ್ಲಿ ಇಡಲು ಒಂದು ಕಡ್ಡಿಯ ಕಟ್ಟನ್ನು ಹತ್ತಿರ ಇಟ್ಟುಕೊಂಡಿರಿ.