ಮೂಲ ಹುಡುಕುವವರು

ತುಳುನಾಡಿನಲ್ಲಿ ‘ನಿಮ್ಮ ವಂಶ ಯಾವುದು?’ ಎಂದು ಯಾರೂ ಕೇಳುವುದಿಲ್ಲ. ‘ನಿಮ್ಮ ನಾಗ ಎಲ್ಲಿ?’ ಎಂದು ಕೇಳುತ್ತಾರೆ. ಕುಟುಂಬ ಮುಂಬಯಿಗೆ ಹೋಗಲಿ, ಮಸ್ಕತ್ತಿಗೆ ಹೋಗಲಿ, ನಾಗನು ಮಾತ್ರ ತಾನಿದ್ದ ಮಣ್ಣನ್ನು ಬಿಟ್ಟು ಹೋಗುವವನಲ್ಲ ಎಂಬುದು ಇಲ್ಲಿಯ ನಂಬಿಕೆ. ಆದುದರಿಂದ ಮೂಲ ನಾಗಬನವನ್ನು ಅರಸುವುದೆಂದರೆ ಹಿರಿಯರು ಉತ್ತು ಬಿತ್ತಿದ ನೆಲವನ್ನು ಅರಸುವುದೆಂದೇ ಅರ್ಥ. ನಾಗರಪಂಚಮಿ ಹತ್ತಿರವಾದಂತೆ ಸುರತ್ಕಲ್, ಇಡ್ಯ, ಹೊಸಬೆಟ್ಟು, ಮುಕ್ಕದ ಕಡೆಗೆ ಹೀಗೆ ಅರಸಿಕೊಂಡು ಬರುವವರಿದ್ದಾರೆ. ಅವರ ಕೈಯಲ್ಲಿ ಕಾಗದವೆಂಬುದು ಬಹುಮಟ್ಟಿಗೆ ಇರುವುದಿಲ್ಲ. ಇಂಥವರೊಡನೆ ಓಡಾಡುವ ಅಭ್ಯಾಸ ನನಗೆ ಹಲವು ವರ್ಷಗಳಿಂದ ಉಂಟು.

ಕಾಗದ ಕಳೆದುಕೊಂಡವರಲ್ಲಿ ಜಗತ್ಪ್ರಸಿದ್ಧರಾದವರು ಐರ್ಲೆಂಡಿನವರು. 1922ರ ಜೂನ್ 30ರಂದು, ಅಂತರ್ಯುದ್ಧದ ನಡುವೆ, ಡಬ್ಲಿನ್ನಿನ ಫೋರ್ ಕೋರ್ಟ್ಸ್ ಕಟ್ಟಡದ ದಾಖಲೆ ಭಂಡಾರ ಸ್ಫೋಟಕ್ಕೂ ಬೆಂಕಿಗೂ ಸಿಕ್ಕಿ ಬೂದಿಯಾಯಿತು. 1821ರಿಂದ 1851ರವರೆಗಿನ ನಾಲ್ಕು ಜನಗಣತಿಗಳ ಬಹುಭಾಗ ಅಲ್ಲಿ ಸುಟ್ಟಿತು. ಮುಂದಿನ ನಾಲ್ಕು ಗಣತಿಗಳನ್ನು ಸರಕಾರವೇ ಅದಕ್ಕೆ ಮೊದಲು ನಾಶಗೊಳಿಸಿತ್ತು. ಹೀಗಾಗಿ ಪೂರ್ಣವಾಗಿ ಉಳಿದ ಮೊದಲ ಗಣತಿ 1901ರದು. ಅದಕ್ಕೂ ಹಿಂದಿನ ಅಜ್ಜನನ್ನು ಕಾಣಬಯಸುವವನು, ತೆರಿಗೆ ಹಾಕುವುದಕ್ಕಾಗಿ 1847ರಿಂದ 1864ರವರೆಗೆ ಮನೆಮನೆಯ ಗೇಣಿದಾರನನ್ನು ಬರೆದಿಟ್ಟ ಗ್ರಿಫಿತ್ ಎಂಬವನ ಮೌಲ್ಯಮಾಪನ ಪಟ್ಟಿಯನ್ನು ತಿರುವಬೇಕು. ವಂಶವನ್ನು ಉಳಿಸುವ ಉದ್ದೇಶ ಆ ಪಟ್ಟಿಗೆ ಇರಲಿಲ್ಲ. ಆದರೂ ಉಳಿಸಿತು. ಈ ಮಾತನ್ನು ಕೇಳುಗರು ನೆನಪಿನಲ್ಲಿಡಬೇಕು. ನಮ್ಮ ಕಡೆಯ ದಾರಿಯೂ ಇದೇ.

ನಮ್ಮಲ್ಲಿ ಎಲ್ಲವನ್ನೂ ನುಂಗಿದ ಒಂದೇ ಬೆಂಕಿಯಿಲ್ಲ. ಕ್ರೈಸ್ತ ಕುಟುಂಬಗಳಿಗೆ 1784ರ ಶ್ರೀರಂಗಪಟ್ಟಣದ ಸೆರೆ ಅಂಥದೊಂದು ಕಂದಕ. ಚರ್ಚುಗಳು ಕೆಡವಲ್ಪಟ್ಟುವು, 1799ರ ಬಳಿಕ ಮರಳಿ ಬಂದವರು ಹೊಸದಾಗಿಯೇ ಪುಸ್ತಕ ತೆರೆಯಬೇಕಾಯಿತು. ಅದರ ಹಿಂದಿನದು ಮನೆಯ ಹಿರಿಯರ ಬಾಯಲ್ಲಿ, ‘ನಾವು ಪ್ರಭುಗಳು’, ‘ನಾವು ಕಾಮತರು’ ಎಂಬ ಮಾತಿನಲ್ಲಿ ಉಳಿದಿದೆ. ಉಳಿದವರ ಸಂಗತಿ ಬೇರೆ. ಅವರ ಕಾಗದ ಸುಡಲಿಲ್ಲ, ಹುಟ್ಟಲೇ ಇಲ್ಲ. 1799ರಲ್ಲಿ ಕೆನರಾ ಕಂಪೆನಿಯ ವಶವಾದಾಗ ಮೊದಲ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ಹಳೆಯ ಕಡಿತಗಳನ್ನೂ ಸನದುಗಳನ್ನೂ ತರಿಸಿ ನೋಡಿದನು. ಹುಣಿಸೆ ಬೀಜದ ಸರಿಯನ್ನೂ ಮಸಿಯನ್ನೂ ಬಳಿದ ಬಟ್ಟೆಯ ಮೇಲೆ ಬಳಪದಿಂದ ಬರೆದ ಆ ಲೆಕ್ಕಗಳಲ್ಲಿ ಇದ್ದುದು ವರ್ಗದಾರನ ಹೆಸರು, ತೀರ್ವೆಯ ಮೊತ್ತ. ಗದ್ದೆಯಲ್ಲಿ ಬೆನ್ನು ಬಗ್ಗಿಸಿದ ಚಾಲಗೇಣಿಯವನ ಹೆಸರನ್ನು ಬರೆದು ಯಾರಿಗೇನು ಪ್ರಯೋಜನ? ಅವನ ಮೊಮ್ಮಕ್ಕಳು ಸರಕಾರಿ ಕಾಗದದಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡದ್ದು, ಅನೇಕ ಮನೆಗಳಲ್ಲಿ, 1974ರ ಭೂಸುಧಾರಣೆಯ ತಿದ್ದುಪಡಿಯ ಬಳಿಕ ‘ಡಿಕ್ಲರೇಶನ್’ ಕೊಟ್ಟಾಗ. ಎಷ್ಟು ತಲೆಮಾರಿನಿಂದ ಬೇಸಾಯ ಮಾಡುತ್ತೀರಿ ಎಂದು ಭೂ ನ್ಯಾಯಮಂಡಳಿಯ ಮುಂದೆ ಕೇಳಿದಾಗ ಕೊಟ್ಟ ಹೇಳಿಕೆಯೇ ಅಂಥ ಮನೆಗಳ ಆದಿಪರ್ವ.

ವರ್ಗದಾರನ ಮನೆಯವರಿಗೂ ದಾರಿ ಸುಗಮವಲ್ಲ. ಅಳಿಯಸಂತಾನದ ಕುಟುಂಬಗಳಲ್ಲಿ ಪಟ್ಟೆ ಇದ್ದುದು ಯಜಮಾನನ ಹೆಸರಿನಲ್ಲಿ. ಅವನ ನಂತರ ಬಂದವನು ಸಾಮಾನ್ಯವಾಗಿ ಅವನ ತಮ್ಮ ಅಥವಾ ಸೋದರಳಿಯ. ನಗರದಲ್ಲಿ ಬೆಳೆದ ಹುಡುಗರು ಈ ಪಟ್ಟಿಯನ್ನು ತಂದೆಮಕ್ಕಳ ಪಟ್ಟಿಯೆಂದು ಓದಿ, ಬೇರೆ ಮನೆಯ ವೃಕ್ಷಕ್ಕೆ ತಮ್ಮ ಕೊಂಬೆಯನ್ನು ಕಸಿಮಾಡಿಬಿಡುತ್ತಾರೆ. ಇಲ್ಲಿ ಹಿಡಿಯಬೇಕಾದ ಹಗ್ಗ ಬರಿ, ಕನ್ನಡದಲ್ಲಿ ಬಳಿ. ಅದು ತಾಯಿಯಿಂದ ಬರುತ್ತದೆ. ಒಂದೇ ಬರಿಯವರು ತಮ್ಮೊಳಗೆ ಮದುವೆಯಾಗುವಂತಿಲ್ಲವಾದ್ದರಿಂದ ಅದನ್ನು ಮರೆಯುವ ಸ್ವಾತಂತ್ರ್ಯ ಯಾರಿಗೂ ಇರಲಿಲ್ಲ. ಮುದ್ರಾಂಕವೂ ಸಹಿಯೂ ಇಲ್ಲದೆ ಶತಮಾನಗಳನ್ನು ದಾಟಿದ ದಾಖಲೆಯಿದು. 1949ರ ಮದರಾಸು ಅಳಿಯಸಂತಾನ ಕಾಯಿದೆ ಕವರುಗಳ ಪಾಲಿಗೆ ಅವಕಾಶ ಕೊಟ್ಟ ಮೇಲಂತೂ ಪಾಲುಪಟ್ಟಿಗಳಲ್ಲಿ, ಸಿವಿಲ್ ದಾವೆಗಳಲ್ಲಿ ಅಜ್ಜಿಯಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಎಲ್ಲರ ಹೆಸರೂ ಬರೆಯಲ್ಪಟ್ಟಿತು. ಕುಟುಂಬದ ಜಗಳ ಕುಟುಂಬದ ಚರಿತ್ರೆಗೆ ಮಾಡಿದಷ್ಟು ಉಪಕಾರವನ್ನು ಕುಟುಂಬದ ಪ್ರೀತಿ ಮಾಡಿಲ್ಲವೆಂದು ನನಗನ್ನಿಸಿದೆ.

ಹೆಸರಿಡುವ ಮುನ್ನ ತೀರಿಕೊಂಡ ಮಕ್ಕಳೂ ಇಲ್ಲಿ ಲೆಕ್ಕದಿಂದ ಹೊರಗಲ್ಲ. ಅವರು ಬದುಕಿದ್ದರೆ ಮದುವೆಯ ಪ್ರಾಯವಾಗುತ್ತಿತ್ತೆಂದು ಎಣಿಸಿ ಆಟಿ ತಿಂಗಳಲ್ಲಿ ಕುಲೆಗಳ ಮದುವೆ ಮಾಡುತ್ತಾರೆ. 2024ರಲ್ಲಿ ಪುತ್ತೂರಿನ ಕಡೆಯ ಒಂದು ಕುಟುಂಬ, ಸುಮಾರು ಮೂವತ್ತು ವರ್ಷಗಳ ಹಿಂದೆ ತೀರಿದ ಹೆಣ್ಣುಮಗುವಿಗೆ ವರನನ್ನು ಅರಸಿ, ಜಾತಿಯನ್ನೂ ಬರಿಯನ್ನೂ ಸೂಚಿಸಿ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತು. ಓದಿ ನಕ್ಕವರಿದ್ದರು. ನನಗೆ ನಗು ಬರಲಿಲ್ಲ. ಯಾವ ಕಚೇರಿಯೂ ಇಷ್ಟು ಕಾಲ ಒಂದು ಕೂಸನ್ನು ನೆನಪಿನಲ್ಲಿಟ್ಟುಕೊಳ್ಳುವುದಿಲ್ಲ.

ಏನೂ ತೋಚದಾಗ ಜನ ಜ್ಯೋತಿಷ್ಯರ ಬಳಿ ಪ್ರಶ್ನೆ ಇಡುತ್ತಾರೆ. ಅದರ ಕುರಿತು ವಾದ ಹೂಡುವುದು ನನ್ನ ಕೆಲಸವಲ್ಲ. ಆದರೆ ಹೀಗೆ ದೊರೆತ ಮೂಲಗಳಲ್ಲಿ ಗುತ್ತಿನ ಮನೆಗಳೇ ಹೆಚ್ಚು ಎಂಬುದನ್ನು ಗಮನಿಸಿದ್ದೇನೆ. ಒಕ್ಕಲಿನ ಗುಡಿಸಲಿನಿಂದ ಬಂದೆವೆಂದು ಒಪ್ಪಿಕೊಳ್ಳಲು ಯಾರಿಗೂ ಮನಸ್ಸಿಲ್ಲ. ಐರಿಷರಲ್ಲಿಯೂ ಬ್ರಿಯಾನ್ ಬೋರು ಎಂಬ ಹಳೆಯ ಅರಸನ ಸಂತತಿಯೆಂದು ಹೇಳಿಕೊಳ್ಳುವವರಿಗೆ ಕೊರತೆಯಿಲ್ಲ.

ಸುರತ್ಕಲ್ಲಿನ ನೆರೆಯಲ್ಲಿ ಇನ್ನೊಂದು ತೊಡಕುಂಟು. ಪಣಂಬೂರಿನಲ್ಲಿ ನವಮಂಗಳೂರು ಬಂದರು ಬಂದಾಗ, ಅದರ ಬೆನ್ನಿಗೆ ರಸಗೊಬ್ಬರದ ಕಾರ್ಖಾನೆ ಬಂದಾಗ, ಊರಿಗೆ ಊರೇ ಎದ್ದು ಹೋಯಿತು. ಎದ್ದವರಿಗೆ ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ನಿವೇಶನ ದೊರೆಯಿತು. ಮನೆತನದ ಹೆಸರಿದ್ದಲ್ಲಿ ಬ್ಲಾಕಿನ ಸಂಖ್ಯೆ ಬಂದಿತು. ನೆಲವೇ ದಾಖಲೆಯಾಗಿದ್ದ ನಾಡಿನಲ್ಲಿ ನೆಲ ಹೋದರೆ ಇನ್ನೇನು ಉಳಿಯಿತು? ಉಳಿದದ್ದು ಭೂಸ್ವಾಧೀನದ ಐತೀರ್ಪು. ಪರಿಹಾರ ಕೊಡಲೇಬೇಕಾದ್ದರಿಂದ ಸರಕಾರ ಹಕ್ಕುದಾರರನ್ನು, ಮನೆಯನ್ನು, ಬಾವಿಯನ್ನು, ತೆಂಗಿನ ಮರಗಳನ್ನು ಎಣಿಸಿತು. ಮನೆಯನ್ನು ಕೆಡವಿದ ಕೈಯೇ ಮನೆಯ ಚಿತ್ರವನ್ನು ಬರೆದಿಟ್ಟಿತು.

ಕೆಲವು ವರ್ಷಗಳ ಹಿಂದೆ ಮುಂಬಯಿಯಿಂದ ಬಂದ ಅರುವತ್ತು ದಾಟಿದ ಮಹಿಳೆಯೊಬ್ಬರಿಗೆ ಗೊತ್ತಿದ್ದುದು ಮೂರು: ತಾಯಿಯ ತಾಯಿಯ ಬರಿ, ಜಗಲಿಯಿಂದ ದೋಣಿ ಕಾಣುತ್ತಿತ್ತೆಂಬುದು, ಬಾವಿ ಎರಡು ಮನೆಗೆ ಪಾಲೆಂಬುದು. ಬಾವಿಯ ಅರ್ಧ ಹಕ್ಕು ಐತೀರ್ಪಿನ ಪ್ರತಿಯೊಂದರಲ್ಲಿ ಸಿಕ್ಕಿತು. ಉಳಿದರ್ಧದ ಹಕ್ಕುದಾರರ ಮನೆಯ ವೃದ್ಧರು ಕೃಷ್ಣಾಪುರದಲ್ಲಿ ಸಿಕ್ಕಿದರು. ಅವರು ಈಕೆಯ ಮುಖವನ್ನು ತುಸು ಹೊತ್ತು ದಿಟ್ಟಿಸಿ, “ನೀನು ಬೊಂಬಾಯಿಗೆ ಹೋದ ಅಕ್ಕನ ಪುಳ್ಳಿಯೋ?” ಎಂದರು. ಬನವಿದ್ದ ಸ್ಥಳ ಬಂದರಿನ ಆವರಣದೊಳಗೆ ಹೋಗಿತ್ತು. ಕಲ್ಲನ್ನು ಮಾತ್ರ ವಿಧಿಪೂರ್ವಕ ತಂದು ಬೇರೆಡೆ ಪ್ರತಿಷ್ಠಿಸಿದ್ದರು. ಆ ವರ್ಷ ಆಕೆ ಅಲ್ಲಿ ತಂಬಿಲ ಮಾಡಿಸಿದರು. ಪಾಲುಪಟ್ಟಿಯ ಪ್ರತಿಯೂ ಆಮೇಲೆ ದೊರೆಯಿತು. ಅದರಲ್ಲಿ ಅಜ್ಜಿಯ ಹೆಸರಿತ್ತು, ‘ಊರಿನಲ್ಲಿಲ್ಲ’ ಎಂಬ ಷರಾದೊಂದಿಗೆ. ಆಕೆ ಆ ಒಂದು ಸಾಲನ್ನು ಮತ್ತೆ ಮತ್ತೆ ಓದಿಸಿದರು. ಕನ್ನಡ ಓದಲು ಆಕೆಗೆ ಬರುತ್ತಿರಲಿಲ್ಲ.

ಬಂದರಿಗಾಗಿ ಎದ್ದು ಬಂದ ದಿನವನ್ನು ಬಲ್ಲವರು ಆ ಬ್ಲಾಕುಗಳಲ್ಲಿ ಇನ್ನೂ ಕೆಲವರಿದ್ದಾರೆ. ಅವರನ್ನು ಕಾಣಹೋಗುವವರು ಅಜ್ಜ ಮುತ್ತಜ್ಜರ ಹೆಸರನ್ನು ಮೊದಲು ಕೇಳಬಾರದು. ಹೆಸರು ಬೇಗನೆ ನೆನಪಿಗೆ ಬರುವುದಿಲ್ಲ. ಬಾವಿ ಯಾರೊಡನೆ ಪಾಲು, ಬೈಲಿನ ನೀರು ಯಾವ ಗದ್ದೆಯಿಂದ ಯಾವ ಗದ್ದೆಗೆ ಇಳಿಯುತ್ತಿತ್ತು, ನೇಮದ ದಿನ ಯಾವ ಮನೆಯಿಂದ ಏನು ಬರುತ್ತಿತ್ತು ಎಂದು ಕೇಳಬೇಕು. ಹೆಸರುಗಳು ಹಿಂದಿನಿಂದ ತಾವಾಗಿಯೇ ಬರುತ್ತವೆ.